ಶೆಡ್ಯೂಲರ್ ಎಬ್ಬಿಸಿದರೆ ಸಾಕು, ಕೆಲಸ ಏನಂತ ಡೇಟಾಬೇಸ್ ಹೇಳಲಿ

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಬರೆದ ಪ್ರಾಜೆಕ್ಟ್ ಒಂದನ್ನು ರಿವ್ಯೂಗೆ ಕೊಟ್ಟರೆ ನಾನು ಮೊದಲು ತೆರೆಯುವುದು ಟಾಸ್ಕ್‌ಗಳು, ಅಂದರೆ ಹಿನ್ನೆಲೆಯಲ್ಲಿ ಓಡುವ ಕೆಲಸಗಳು, ಇರುವ ಫೈಲನ್ನು. ಪುಟ ತೋರಿಸುವ ಕೋಡ್ ಆದ ವ್ಯೂನಲ್ಲಿ ತಪ್ಪಿದ್ದರೆ ಬಳಕೆದಾರರೇ ಬಂದು ದೂರುತ್ತಾರೆ. ರಾತ್ರಿ ತನ್ನಷ್ಟಕ್ಕೆ ಓಡುವ ಟಾಸ್ಕ್ ತಪ್ಪಿದರೆ ಕೇಳುವವರೇ ಇಲ್ಲ. ಓಡದೇ ಇದ್ದ ಟಾಸ್ಕ್ ಎರರ್ ಕೂಡ ಕೊಡುವುದಿಲ್ಲ, ಅಲ್ವಾ?

ಒಂದು ಉದಾಹರಣೆ ಹಿಡಿದುಕೊಳ್ಳೋಣ. ಚಂದಾ ಮುಗಿಯಲು 7 ದಿನ ಇದೆ ಅನ್ನುವಾಗ ಗ್ರಾಹಕರಿಗೆ ನೆನಪಿಸುವ ಮೇಲ್ ಹೋಗಬೇಕು. ಸಾಮಾನ್ಯವಾಗಿ ಜನ ಬರೆಯುವುದು ಹೀಗೆ: ರಾತ್ರಿ ಟಾಸ್ಕ್ ಏಳುತ್ತದೆ, ಇವತ್ತಿಗೆ 7 ಕೂಡಿಸುತ್ತದೆ, ಆ ದಿನಾಂಕಕ್ಕೆ ಚಂದಾ ಮುಗಿಯುವವರನ್ನು ಹುಡುಕುತ್ತದೆ, ಲೂಪ್ ಹಾಕಿ ಮೇಲ್ ಕಳಿಸುತ್ತದೆ. ಓದಿದರೆ ತಪ್ಪೇನೂ ಕಾಣುವುದಿಲ್ಲ. ಟೆಸ್ಟೂ ಪಾಸಾಗುತ್ತದೆ.

ಈಗ ಒಂದು ರಾತ್ರಿ ಸರ್ವರ್ ಬಿದ್ದಿತು ಅನ್ನಿ. ಅವತ್ತಿನವರಿಗೆ ಮೇಲ್ ಹೋಗಲಿಲ್ಲ. ಮರುದಿನ ಟಾಸ್ಕ್ ಸರಿಯಾಗಿಯೇ ಓಡುತ್ತದೆ, ಆದರೆ ಅವರನ್ನು ಹುಡುಕುವುದೇ ಇಲ್ಲ. ಯಾಕೆಂದರೆ ಅವರಿಗೆ ಉಳಿದಿರುವುದು ಈಗ 6 ದಿನ. ಅವರು ಶಾಶ್ವತವಾಗಿ ಬಿಟ್ಟುಹೋದರು. ಟಾಸ್ಕ್ ಎರಡು ಸಲ ಓಡಿದರೆ ಎಲ್ಲರಿಗೂ ಎರಡೆರಡು ಮೇಲ್. ಅರ್ಧ ಓಡಿ ಸತ್ತರೆ ಯಾರಿಗೆ ಹೋಯಿತು, ಯಾರಿಗೆ ಹೋಗಲಿಲ್ಲ ಅಂತ ಲಾಗ್ ಕೆದಕಬೇಕು.

ಇಲ್ಲಿ ಗಡಿಯಾರಕ್ಕೆ ಎರಡು ಕೆಲಸ ಹೊರಿಸಿದ್ದೇವೆ. ಯಾವಾಗ ಏಳಬೇಕು ಅನ್ನುವುದು ಒಂದು, ಏನು ಮಾಡಬೇಕು ಅನ್ನುವುದು ಇನ್ನೊಂದು. ಎರಡನೆಯದನ್ನು ಅದರಿಂದ ಕಿತ್ತುಕೊಳ್ಳಿ. ಟಾಸ್ಕ್ ಎದ್ದು ಕೇಳಬೇಕಾದದ್ದು "ಇವತ್ತು ಯಾರ ಸರದಿ" ಅಂತಲ್ಲ, "ಯಾರದ್ದು ಬಾಕಿ ಇದೆ" ಅಂತ. ಚಂದಾ ಇನ್ನೂ ಮುಗಿದಿಲ್ಲ, ಉಳಿದಿರುವುದು 7 ದಿನ ಅಥವಾ ಅದಕ್ಕಿಂತ ಕಡಿಮೆ, ಮೇಲ್ ಕಳಿಸಿದ ದಾಖಲೆ ಇಲ್ಲ. ಈ ಮೂರೂ ಸೇರಿದರೆ ಬಾಕಿ. ಒಂದು ರಾತ್ರಿ ತಪ್ಪಿದರೆ ಮರುದಿನ ತಾನಾಗಿಯೇ ಸರಿಹೋಗುತ್ತದೆ. ಎರಡನೇ ಸಲ ಓಡಿದರೆ ಮಾಡಲು ಕೆಲಸವೇ ಇರುವುದಿಲ್ಲ.

ದಾಖಲೆ ಎಲ್ಲಿಡಬೇಕು? ಚಂದಾ ಟೇಬಲ್‌ನಲ್ಲೇ "ಮೇಲ್ ಕಳಿಸಿದ ಸಮಯ" ಅಂತ ಒಂದು ಕಾಲಂ ಸೇರಿಸುವುದು ಸುಲಭ. ಆದರೆ ಗ್ರಾಹಕ ಚಂದಾ ನವೀಕರಿಸಿದಾಗ ಆ ಕಾಲಂ ಖಾಲಿ ಮಾಡಲು ಯಾರೋ ಮರೆಯುತ್ತಾರೆ. ಮುಂದಿನ ವರ್ಷ ಅವರಿಗೆ ಮೇಲ್ ಬರುವುದಿಲ್ಲ. ಹಾಗಾಗಿ ನಾನು ಬೇರೆ ಟೇಬಲ್ ಇಡುತ್ತೇನೆ. ಚಂದಾದ ಐಡಿ, ಯಾವ ಮುಕ್ತಾಯ ದಿನಾಂಕಕ್ಕೆ, ಯಾವ ಬಗೆಯ ಸೂಚನೆ. ಈ ಮೂರರ ಮೇಲೆ ಯುನೀಕ್ ಕನ್‌ಸ್ಟ್ರೇಂಟ್, ಅಂದರೆ ಮೂರೂ ಒಂದೇ ಇರುವ ಸಾಲು ಎರಡನೇ ಸಲ ಬರದಂತೆ ತಡೆ. ಜೊತೆಗೆ ಸ್ಥಿತಿ: ಬಾಕಿ, ಹೋಯಿತು, ಕೆಟ್ಟಿತು. ನವೀಕರಿಸಿದಾಗ ಮುಕ್ತಾಯ ದಿನಾಂಕ ಬದಲಾಗುತ್ತದೆ, ಹೊಸ ಸಾಲು ತಾನೇ ಹುಟ್ಟುತ್ತದೆ. ಯಾರೂ ಏನನ್ನೂ ಖಾಲಿ ಮಾಡಬೇಕಿಲ್ಲ.

ಆಗ ಕೆಲಸ ಎರಡು ಹಂತವಾಗುತ್ತದೆ. ಮೊದಲ ಟಾಸ್ಕ್ ಬಾಕಿ ಇರುವವರನ್ನು ಹುಡುಕಿ ಸಾಲು ಬರೆಯುತ್ತದೆ, ಅಷ್ಟೇ. ಜ್ಯಾಂಗೋದ ಬಲ್ಕ್ ಕ್ರಿಯೇಟ್‌ಗೆ ಇಗ್ನೋರ್ ಕಾನ್‌ಫ್ಲಿಕ್ಟ್ಸ್ ಕೊಟ್ಟರೆ ಇದ್ದ ಸಾಲು ಇದ್ದ ಹಾಗೇ ಉಳಿಯುತ್ತದೆ. ಎರಡನೆಯ ಟಾಸ್ಕ್ ಬಾಕಿ ಸಾಲುಗಳನ್ನು ಎತ್ತಿಕೊಂಡು ಮೇಲ್ ಕಳಿಸುತ್ತದೆ. ಎರಡು ವರ್ಕರ್‌ಗಳು (ಟಾಸ್ಕ್ ಓಡಿಸುವ ಪ್ರೋಸೆಸ್‌ಗಳು) ಒಂದೇ ಸಾಲಿಗೆ ಕೈ ಹಾಕದಿರಲು ಸೆಲೆಕ್ಟ್ ಫಾರ್ ಅಪ್‌ಡೇಟ್ ಜೊತೆ ಸ್ಕಿಪ್ ಲಾಕ್ಡ್ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಇದು 9.5ರಿಂದಲೇ ಇದೆ. ಒಬ್ಬರು ಹಿಡಿದಿರುವ ಸಾಲನ್ನು ಇನ್ನೊಬ್ಬರು ಕಾಯದೆ ದಾಟಿಕೊಂಡು ಹೋಗುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಜ್ಯಾಂಗೋದ ಇಮೇಲ್ ಟೈಮ್‌ಔಟ್ ಸೆಟ್ಟಿಂಗ್‌ಗೆ ಡೀಫಾಲ್ಟ್ ಆಗಿ ಮಿತಿಯೇ ಇಲ್ಲ. ಮೇಲ್ ಸರ್ವರ್ ಉತ್ತರ ಕೊಡದೆ ಸುಮ್ನೆ ಕೂತರೆ ನಿಮ್ಮ ವರ್ಕರ್ ಕೂಡ ಸುಮ್ನೆ ಕೂರುತ್ತದೆ, ಲಾಕ್ ಹಿಡಿದುಕೊಂಡೇ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯದ್ದೂ ಇದೇ ಕಥೆ. ಹೊರಗಿನ ಸೇವೆ ಕರೆಯುವ ಪ್ರತಿ ಕೋಡ್ ಸಾಲಿಗೂ ಟೈಮ್‌ಔಟ್ ಹಾಕಿ. ಟಾಸ್ಕ್ ಓಡಿಸುವ ಪೈಥಾನ್ ಲೈಬ್ರರಿ ಸೆಲರಿಯ ಸಾಫ್ಟ್ ಟೈಮ್ ಲಿಮಿಟ್ ಅದರ ಮೇಲಿನ ಇನ್ನೊಂದು ರಕ್ಷಣೆ, ಅದಕ್ಕೆ ಬದಲಿ ಅಲ್ಲ.

ಇಷ್ಟು ಮಾಡಿದರೂ ಒಂದು ಸಣ್ಣ ಬಿರುಕು ಉಳಿಯುತ್ತದೆ. ಮೇಲ್ ಹೋಯಿತು, "ಹೋಯಿತು" ಅಂತ ಬರೆಯುವ ಮೊದಲೇ ವರ್ಕರ್ ಸತ್ತಿತು. ಮುಂದಿನ ಸಲ ಮತ್ತೆ ಹೋಗುತ್ತದೆ. ಮೊದಲು ಬರೆದು ಆಮೇಲೆ ಕಳಿಸಿದರೆ ಹೋಗದೇ ಇರುವ ಅಪಾಯ. ಎರಡನ್ನೂ ಪೂರ್ತಿ ತಪ್ಪಿಸಲು ಆಗುವುದಿಲ್ಲ. ಒಂದನ್ನು ಆರಿಸಬೇಕು, ಅದನ್ನು ಕಾಮೆಂಟ್‌ನಲ್ಲಿ ಬರೆದಿಡಬೇಕು. ನೆನಪಿಸುವ ಮೇಲ್ ಎರಡು ಸಲ ಹೋದರೆ ಯಾರೂ ಸಾಯುವುದಿಲ್ಲ. ಹಣ ಕಡಿತ ಎರಡು ಸಲ ಆದರೆ ಮಾತೇ ಬೇರೆ. ಅಲ್ಲಿ ಪೇಮೆಂಟ್ ಸೇವೆಗೆ ಕೊಡುವ ಐಡೆಂಪೊಟೆನ್ಸಿ ಕೀಯನ್ನು (ಅದೇ ಕರೆ ಮತ್ತೆ ಬಂದರೆ ಗುರುತು ಹಿಡಿಯಲು ಕೊಡುವ ಗುರುತನ್ನು) ನಮ್ಮ ಸಾಲಿನ ಐಡಿಯಿಂದಲೇ ಕಟ್ಟಿದರೆ ಎರಡನೇ ಕರೆ ಹೊಸ ಕಡಿತ ಆಗುವುದಿಲ್ಲ. ಪ್ರತಿ ಪ್ರಯತ್ನಕ್ಕೂ ಹೊಸ ಯೂಯೂಐಡಿ (ಒಂದೊಂದು ಸಲವೂ ಬೇರೆಯಾಗುವ ಐಡಿ) ಮಾಡಿ ಕಳಿಸುವ ಕೋಡ್ ಕಂಡರೆ ನನಗೆ ಕೈಕಾಲು ತಣ್ಣಗಾಗುತ್ತದೆ.

"ಎರಡು ಸಲ ಯಾಕೆ ಓಡುತ್ತದೆ, ನಾವು ಒಂದೇ ಸಲ ಹೇಳಿದ್ದೇವಲ್ಲ" ಅನ್ನುವವರಿದ್ದಾರೆ. ಕಾರಣಗಳಿಗೆ ಬರವಿಲ್ಲ. ಆಪ್‌ನೊಳಗೇ ಓಡುವ ಶೆಡ್ಯೂಲರ್ ಲೈಬ್ರರಿ ಎಪಿಶೆಡ್ಯೂಲರನ್ನು ಆಪ್ ಶುರುವಾಗುವ ಜಾಗದಲ್ಲೇ ಹಚ್ಚಿಬಿಟ್ಟಿರುತ್ತಾರೆ. ವೆಬ್ ಸರ್ವರ್ ಗುನಿಕಾರ್ನ್ ತನ್ನ 4 ವರ್ಕರ್ ಎಬ್ಬಿಸಿದರೆ 4 ಶೆಡ್ಯೂಲರ್ ಎದ್ದವು. ಡೆವಲಪರ್ ಯಂತ್ರದಲ್ಲೂ ರನ್‌ಸರ್ವರ್‌ನ ಆಟೋ ರಿಲೋಡ್‌ನಿಂದಾಗಿ ಆಪ್ ಎರಡು ಪ್ರೋಸೆಸ್‌ಗಳಲ್ಲಿ ಲೋಡ್ ಆಗುತ್ತದೆ. ಸೆಲರಿಯಲ್ಲಿ ಸಮಯ ನೋಡಿ ಟಾಸ್ಕ್ ಕಳಿಸುವ ಬೀಟ್ ಒಂದೇ ಇರಬೇಕು. ಕಂಟೇನರ್ ಎರಡಾದ ದಿನ ಬೀಟೂ ಎರಡಾಗುತ್ತದೆ, ಒಂದು ಇನ್ನೊಂದನ್ನು ಕೇಳುವುದಿಲ್ಲ.

ಇನ್ನೊಂದು ಗುಂಡಿ ನನಗೆ ವಿಶೇಷ ಇಷ್ಟ. ಸೆಲರಿಯ ಕ್ರಾನ್‌ಟ್ಯಾಬ್‌ಗೆ ಗಂಟೆ 3 ಅಂತ ಕೊಟ್ಟು ನಿಮಿಷ ಬಿಟ್ಟರೆ 3 ಗಂಟೆಗೆ ಒಂದು ಸಲ ಓಡುತ್ತದೆ ಅಂತ ಅನಿಸುತ್ತದೆ. ನಿಮಿಷದ ಡೀಫಾಲ್ಟ್ ಸೊನ್ನೆಯಲ್ಲ, ನಕ್ಷತ್ರ. 3:00ರಿಂದ 3:59ರವರೆಗೆ ಪ್ರತಿ ನಿಮಿಷ, ಒಟ್ಟು 60 ಸಲ ಓಡುತ್ತದೆ. ಯೂನಿಕ್ಸ್‌ನ ಹಳೆಯ ಶೆಡ್ಯೂಲರ್ ಆದ ಕ್ರಾನ್‌ನಿಂದ ಬಂದವರಿಗೆ ಮತ್ತೂ ಒಂದಿದೆ. ಅಲ್ಲಿ ತಿಂಗಳ ದಿನ, ವಾರದ ದಿನ ಎರಡನ್ನೂ ಕೊಟ್ಟರೆ ಯಾವುದಾದರೂ ಒಂದು ಹೊಂದಿದರೆ ಓಡುತ್ತದೆ. ಸೆಲರಿಯಲ್ಲಿ ಎರಡೂ ಹೊಂದಬೇಕು. ಕ್ರಾನ್ ಸಾಲನ್ನು ಹಾಗೇ ನಕಲು ಮಾಡಿದರೆ ಅರ್ಥವೇ ಬದಲಾಗುತ್ತದೆ.

"ಇಷ್ಟೆಲ್ಲ ಯಾಕೆ, ಚಂದಾ ಶುರುವಾದ ದಿನವೇ ಮುಂದಿನ ದಿನಾಂಕ ಕೊಟ್ಟು ಟಾಸ್ಕನ್ನು ಕ್ಯೂಗೆ ಹಾಕಿಬಿಡೋಣ" ಅನ್ನುವ ಸಲಹೆಯೂ ಬರುತ್ತದೆ. ಬೇಡ. ಸಂದೇಶಗಳ ಕ್ಯೂ ಇಡುವ ಬ್ರೋಕರ್ ರೆಡಿಸ್ ಆದರೆ ವಿಸಿಬಿಲಿಟಿ ಟೈಮ್‌ಔಟ್ ಡೀಫಾಲ್ಟ್ ಆಗಿ 1 ಗಂಟೆ. ಇಟಿಎ (ಓಡಬೇಕಾದ ಸಮಯ) ಇರುವ ಟಾಸ್ಕನ್ನು ವರ್ಕರ್ ತನ್ನ ಮೆಮೊರಿಯಲ್ಲಿ ಹಿಡಿದು ಕೂರುತ್ತದೆ. ಗಂಟೆಯೊಳಗೆ ಆ್ಯಕ್ (ಸಂದೇಶ ಸಿಕ್ಕಿತು ಅನ್ನುವ ಉತ್ತರ) ಬರದಿದ್ದರೆ ಟಾಸ್ಕ್ ಕಳೆದುಹೋಯಿತೆಂದು ಇನ್ನೊಂದು ವರ್ಕರ್‌ಗೂ ಕೊಡಲಾಗುತ್ತದೆ. ದಿನಗಟ್ಟಲೆ ಮುಂದಿನ ಟಾಸ್ಕ್ ಹೀಗೆ ಮತ್ತೆ ಮತ್ತೆ ಹಂಚಿಕೆಯಾಗಿ, ಸಮಯ ಬಂದಾಗ ರಾಶಿ ರಾಶಿ ಓಡುತ್ತದೆ. ಟೈಮ್‌ಔಟ್ ಜಾಸ್ತಿ ಮಾಡಬಹುದು. ಆದರೆ ನಡುವೆ ಗ್ರಾಹಕ ನವೀಕರಿಸಿದ್ದು ಕ್ಯೂನಲ್ಲಿರುವ ಸಂದೇಶಕ್ಕೆ ಗೊತ್ತಿಲ್ಲವಲ್ಲ. ಡೇಟಾಬೇಸ್‌ಗೆ ಗೊತ್ತು.

ಅದೇ ಕಾರಣಕ್ಕೆ ಟಾಸ್ಕ್‌ಗೆ ಐಡಿ ಮಾತ್ರ ಕೊಡಿ, ಇಡೀ ಆಬ್ಜೆಕ್ಟ್ ಬೇಡ. ಓಡುವ ಹೊತ್ತಿಗೆ ಸಾಲನ್ನು ಹೊಸದಾಗಿ ಓದಿ, ಇನ್ನೂ ಬಾಕಿಯೇ ಅಂತ ನೋಡಿ. ಕ್ಯೂಗೆ ಹಾಕುವುದು ಟ್ರಾನ್ಸಾಕ್ಷನ್ ಮುಗಿದ ಮೇಲೆ, ಆನ್ ಕಮಿಟ್ ಮೂಲಕ. ಇಲ್ಲದಿದ್ದರೆ ವರ್ಕರ್ ಬೇಗ ಎದ್ದು ಇನ್ನೂ ಕಮಿಟ್ ಆಗದ ಸಾಲನ್ನು ಹುಡುಕಿ "ಇಲ್ಲ" ಅನ್ನುತ್ತದೆ. ಸೆಲರಿ 5.4ರಿಂದ ಇದಕ್ಕೆ ಡಿಲೇ ಆನ್ ಕಮಿಟ್ ಅನ್ನುವ ಶಾರ್ಟ್‌ಕಟ್ ಇದೆ.

ಸೆಲರಿ ಡೀಫಾಲ್ಟ್ ಆಗಿ ಟಾಸ್ಕ್ ಶುರುವಾಗುವ ಮೊದಲೇ ಆ್ಯಕ್ ಮಾಡುತ್ತದೆ. ನಡುವೆ ವರ್ಕರ್ ಸತ್ತರೆ ಆ ಸಂದೇಶ ಹೋಯಿತು. ಆ್ಯಕ್ಸ್ ಲೇಟ್ ಹಾಕಿದರೆ ಮುಗಿದ ಮೇಲೆ ಆ್ಯಕ್, ಅಂದರೆ ಕೆಲವೊಮ್ಮೆ ಎರಡು ಸಲ ಓಡುವುದು. ಬಾಕಿ ಟೇಬಲ್ ಇದ್ದರೆ ಎರಡೂ ದೊಡ್ಡ ಸಮಸ್ಯೆಯಲ್ಲ. ಕ್ಯೂ ಕಳೆದದ್ದನ್ನು ಮುಂದಿನ ಸುತ್ತು ಎತ್ತಿಕೊಳ್ಳುತ್ತದೆ.

ಸಮಯದ ಬಗ್ಗೆ ಎರಡೇ ಮಾತು. ಕ್ರಾನ್ ನೋಡುವುದು ಯಂತ್ರದ ಸಮಯ, ಸೆಲರಿ ಬೇರೆ ಹೇಳದಿದ್ದರೆ ಯುಟಿಸಿ. ಗಡಿಯಾರ ಮುಂದೆ ಹಿಂದೆ ಮಾಡುವ ದೇಶಗಳಲ್ಲಿ ನಡುರಾತ್ರಿಯ ನಂತರದ ಒಂದು ಗಂಟೆ ವರ್ಷಕ್ಕೊಮ್ಮೆ ಮಾಯವಾಗುತ್ತದೆ, ಇನ್ನೊಮ್ಮೆ ಎರಡು ಸಲ ಬರುತ್ತದೆ. ದಿನಕ್ಕೊಮ್ಮೆ ಅನ್ನುವ ಕೆಲಸವನ್ನೂ ನಾನು 15 ನಿಮಿಷಕ್ಕೊಮ್ಮೆ ಓಡಿಸುತ್ತೇನೆ. ಬಾಕಿ ಇಲ್ಲದಿದ್ದರೆ ಒಂದು ಚಿಕ್ಕ ಕ್ವೆರಿ, ಮುಗಿಯಿತು. 12 ಗಂಟೆಗೆ ಎಲ್ಲ ಟಾಸ್ಕ್‌ಗಳೂ ಒಟ್ಟಿಗೆ ಡೇಟಾಬೇಸ್ ಮೇಲೆ ಬೀಳುವುದೂ ತಪ್ಪುತ್ತದೆ. ವರ್ಕರ್‌ಗಳು ನಿಂತಿದ್ದು ಮತ್ತೆ ಎದ್ದಾಗ ಹಳೆಯ ಸುತ್ತುಗಳೆಲ್ಲ ಸಾಲುಗಟ್ಟಿ ಓಡದಿರಲು ಎಕ್ಸ್‌ಪೈರ್ಸ್, ಅಂದರೆ ಟಾಸ್ಕ್‌ನ ಅವಧಿ ಮುಗಿಯುವ ಸಮಯ, ಕೊಟ್ಟಿರಿ.

ಇಷ್ಟಕ್ಕೆಲ್ಲ ಸೆಲರಿ ಬೇಕೇ? ಬಹಳ ಸಲ ಬೇಡ. ಒಂದು ಮ್ಯಾನೇಜ್‌ಮೆಂಟ್ ಕಮಾಂಡ್, ಒಂದು ಕ್ರಾನ್ ಸಾಲು ಸಾಕು. ಕೈಯಾರೆ ಓಡಿಸಲೂ ಅದೇ ಕಮಾಂಡ್ ಸಿಗುತ್ತದೆ. ಜ್ಯಾಂಗೋ 6.0ರಲ್ಲಿ ಟಾಸ್ಕ್ಸ್ ಅಂತಲೇ ಒಂದು ಭಾಗ ಬಂದಿದೆ. ಅದು ಟಾಸ್ಕನ್ನು ಹೇಳುವ, ಕ್ಯೂಗೆ ಹಾಕುವ ರೀತಿಯನ್ನಷ್ಟೇ ಕೊಡುತ್ತದೆ. ಓಡಿಸುವ ವರ್ಕರ್ ಬೇರೆ ತರಬೇಕು. ಜೊತೆಗೆ ಬರುವ ಎರಡು ಬ್ಯಾಕೆಂಡ್‌ಗಳು ಡೆವಲಪ್‌ಮೆಂಟ್‌ಗೆ, ಟೆಸ್ಟ್‌ಗೆ ಮಾತ್ರ.

ಕೊನೆಗೆ ನಿಗಾ. ಬಾಕಿ ಟೇಬಲ್ ಇರುವುದರಿಂದ ಇದು ಸುಲಭ: ಅತಿ ಹಳೆಯ ಬಾಕಿ ಸಾಲು ಎಷ್ಟು ಹಳೆಯದು, ಸಾಲು ಬರೆಯಬೇಕಿದ್ದೂ ಬರೆಯದೆ ಉಳಿದವರು ಎಷ್ಟು ಮಂದಿ. ಎರಡು ಕ್ವೆರಿ ಸಾಕು. ಇದನ್ನು ಒಂದು ಯುಆರ್‌ಎಲ್‌ನಲ್ಲಿಟ್ಟು, ಮಿತಿ ದಾಟಿದರೆ 500 (ಸರ್ವರ್ ಎರರ್) ಕೊಡುವಂತೆ ಮಾಡಿ, ಹೊರಗಿನ ಮಾನಿಟರ್‌ಗೆ ತೋರಿಸಿ. ಇದೇ ಪರೀಕ್ಷೆಯನ್ನು ಇನ್ನೊಂದು ಬೀಟ್ ಟಾಸ್ಕ್ ಆಗಿ ಬರೆದವರನ್ನೂ ನೋಡಿದ್ದೇನೆ. ಬೀಟ್ ನಿಂತ ದಿನ ಅದೂ ನಿಂತಿತು, ಅಲರ್ಟ್ ಬರಲೇ ಇಲ್ಲ.