ಐಟಿಪಿ ಮತ್ತು ಕೊರಿಯಾದ ಗ್ವಿಬಿ-ತಾಂಗ್ ಕಷಾಯ: ಗುಲ್ಮದ ಗೊಂದಲ ಬಿಡಿಸಿಕೊಳ್ಳುವ ಬಗೆ

ಐಟಿಪಿ (ಇಮ್ಯೂನ್ ಥ್ರಾಂಬೊಸೈಟೋಪೀನಿಯ) ಎಂಬ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ಗಳ ಮೇಲೆ ಎರಗುತ್ತದೆ. ಎಣಿಕೆ ಮೈಕ್ರೋಲೀಟರಿಗೆ 1,00,000ಕ್ಕಿಂತ ಕೆಳಗಿದ್ದು, ಕಾಯಿಲೆ 12 ತಿಂಗಳು ಮೀರಿದರೆ ಅದನ್ನು ದೀರ್ಘಕಾಲಿಕ ಎನ್ನುತ್ತಾರೆ. ಇಲ್ಲಿಯವರೆಗೆ ತೊಡಕಿಲ್ಲ.

ಕೊರಿಯಾದ ಸಾಂಪ್ರದಾಯಿಕ ವೈದ್ಯರು ಇದೇ ರೋಗಿಯನ್ನು ಪರೀಕ್ಷಿಸುವಾಗ, ರಕ್ತವು ನಾಳದೊಳಗೆ ಏಕೆ ನಿಲ್ಲುತ್ತಿಲ್ಲ ಎಂದು ಮೊದಲು ವಿಚಾರಿಸುತ್ತಾರೆ. ರಕ್ತಸ್ರಾವ ಹಠಾತ್ತನೆ ಶುರುವಾಗಿ, ಚರ್ಮದ ಮೇಲಿನ ರಕ್ತದ ಚುಕ್ಕಿಗಳು ಕಡುಗೆಂಪಾಗಿದ್ದು, ಬಾಯಾರಿಕೆಯೂ ವೇಗದ ನಾಡಿಯೂ ಇದ್ದರೆ ಅದು ರಕ್ತದಲ್ಲಿನ ಉಷ್ಣ. ಅದಕ್ಕೆ ತಂಪು ಮಾಡುವ ಮೂಲಿಕೆಗಳು. ಚುಕ್ಕಿಗಳು ಮಾಸಲಾಗಿದ್ದು, ದಣಿದಾಗಲೆಲ್ಲ ಮರುಕಳಿಸುತ್ತ, ಜೊತೆಗೆ ಹಸಿವಿಲ್ಲದಿರುವಿಕೆ, ಬಿಳಿಚಿದ ಮುಖ, ದುರ್ಬಲ ನಾಡಿ ಕಂಡರೆ ಅದು ‘ಬಿ’ ಎಂಬ ಅಂಗದ ದೌರ್ಬಲ್ಯ, ಅದಕ್ಕೆ ಗ್ವಿಬಿ-ತಾಂಗ್.

ಈ ‘ಬಿ’ಯನ್ನು ಪಠ್ಯಗಳಲ್ಲಿ ಗುಲ್ಮ (ಸ್ಪ್ಲೀನ್) ಎಂದೇ ಬರೆಯುವುದರಿಂದ ಓದು ಇಲ್ಲಿ ಸಿಕ್ಕಿಕೊಳ್ಳುತ್ತದೆ. ಆಧುನಿಕ ವೈದ್ಯದ ಪ್ರಕಾರ, ಪ್ರತಿಕಾಯ ಅಂಟಿದ ಪ್ಲೇಟ್‌ಲೆಟ್‌ಗಳನ್ನು ಮುಖ್ಯವಾಗಿ ಗುಲ್ಮದಲ್ಲಿರುವ ಮ್ಯಾಕ್ರೊಫೇಜ್ ಕೋಶಗಳು ನುಂಗುತ್ತವೆ. ಆದ್ದರಿಂದಲೇ ಔಷಧಗಳು ಫಲಿಸದ ಕೆಲವರಲ್ಲಿ ಗುಲ್ಮವನ್ನೇ ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. ಹಾಗಾದರೆ ಅದೇ ಅಂಗವನ್ನು ಬಲಪಡಿಸಿದರೆ ಕಾಯಿಲೆ ಹೆಚ್ಚಬೇಕಲ್ಲವೇ? ಆದರೆ ‘ಬಿ’ ಎಂದರೆ ಶಸ್ತ್ರಕ್ರಿಯೆಯಿಂದ ತೆಗೆಯುವ ಆ ಗುಲ್ಮವಲ್ಲ: ಕೊರಿಯಾದ ಪದ್ಧತಿಯಲ್ಲಿ ಆಹಾರವನ್ನು ಪಚನ ಮಾಡಿ, ಅದರ ಸಾರದಿಂದ ರಕ್ತವನ್ನು ಪೋಷಿಸಿ, ಆ ರಕ್ತವನ್ನು ನಾಳದಲ್ಲಿ ಹಿಡಿದಿಡುವ ಇಡೀ ಕಾರ್ಯಸಮೂಹಕ್ಕೆ ‘ಬಿ’ ಎಂಬ ಹೆಸರಿದೆ. ಇದನ್ನು ಖಚಿತಪಡಿಸಿಕೊಳ್ಳಲು ನನಗೆ ಅತ್ಯಂತ ಉಪಯುಕ್ತವೆನಿಸಿದ ಪ್ರಶ್ನೆ ಒಂದಿದೆ: ಗುಲ್ಮವನ್ನು ತೆಗೆಸಿಕೊಂಡ ರೋಗಿಗೆ ಗ್ವಿಬಿ-ತಾಂಗ್ ಸೂಚಿಸಬಹುದೇ? ಆ ಪದ್ಧತಿಯ ತರ್ಕದಲ್ಲಿ ಉತ್ತರ ಹೌದು, ಏಕೆಂದರೆ ವೈದ್ಯರು ಅಳೆಯುತ್ತಿರುವುದು ಹಸಿವು, ಮಲದ ಸ್ಥಿತಿ, ಆಯಾಸ ಮತ್ತು ನಾಡಿಯನ್ನು.

ಕೊರಿಯಾದ ವೈದ್ಯ ಹೊ ಜುನ್ 1610ರಲ್ಲಿ ಮುಗಿಸಿದ, 1613ರಲ್ಲಿ ಮುದ್ರಣಗೊಂಡ ‘ದೊಂಗುಯಿಬೊಗಾಮ್’ ಗ್ರಂಥದಲ್ಲಿ ಈ ಕಷಾಯವು ಚಿಂತೆಯಿಂದ ಬರುವ ಮರೆವು, ಎದೆಬಡಿತಗಳಿಗೆ ಹೇಳಲ್ಪಟ್ಟಿದೆ. ಜಿನ್ಸೆಂಗ್, ಹ್ವಾಂಗ್‌ಗಿ ಬೇರುಗಳ ಜೊತೆಗೆ ನಿದ್ರೆಗೆ ನೆರವಾಗುವ ಎಲಚಿ ಜಾತಿಯ ಬೀಜವೂ ಏಕಿದೆಯೆಂಬುದು ಇದರಿಂದ ತಿಳಿಯುತ್ತದೆ.

ಈ ಕಷಾಯ ಐಟಿಪಿಯನ್ನು ಗುಣಪಡಿಸುತ್ತದೆಂದು ದೊಡ್ಡ ಪ್ರಯೋಗಗಳಿಂದ ಸಾಬೀತಾಗಿಲ್ಲ. ಆದ್ದರಿಂದ ಐಟಿಪಿಗೆ ಕೊಡುವ ಸ್ಟೀರಾಯ್ಡ್ ಔಷಧವನ್ನು ನಿಲ್ಲಿಸಿ ಇದನ್ನು ಕುಡಿಯುವುದು ಅಪಾಯಕರ. ಸ್ಟೀರಾಯ್ಡ್ ಜೊತೆಗೆ ಕುಡಿದರೂ ಎಚ್ಚರ ಬೇಕು: ಇದರಲ್ಲಿರುವ ಜ್ಯೇಷ್ಠಮಧು ಹೆಚ್ಚಾದರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ, ಸ್ಟೀರಾಯ್ಡ್ ಕೂಡ ಅದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಇನ್ನೊಂದು ಘಟಕವಾದ ದಾಂಗ್‌ಗ್ವಿ ಕೊರಿಯಾದಲ್ಲಿ ಏಂಜೆಲಿಕಾ ಗಿಗಾಸ್ ಎಂಬ ಸಸ್ಯದ ಬೇರು, ಚೀನಾದಲ್ಲಿ ಏಂಜೆಲಿಕಾ ಸೈನೆನ್ಸಿಸ್ ಎಂಬ ಸಸ್ಯದ ಬೇರು. ಇವೆರಡರ ರಾಸಾಯನಿಕಗಳು ಬೇರೆಯಾದ್ದರಿಂದ ಚೀನಾದ ಅಧ್ಯಯನದ ಫಲಿತಾಂಶವನ್ನು ಕೊರಿಯಾದ ಕಷಾಯಕ್ಕೆ ನೇರವಾಗಿ ಅನ್ವಯಿಸಲಾಗದು.