ಹೆಸರು ನೋಡಿ ರೈಲು ಹತ್ತಬೇಡಿ

ದಸರಾ ರಜೆಗೆ ಸ್ವಿಟ್ಜರ್ಲೆಂಡ್ ಎಂದು ಫೋನ್ ಮಾಡುವವರು ಹೋಟೆಲಿನ ಮಾತು ಎತ್ತುವ ಮೊದಲೇ ಕೇಳುವುದು ಇದನ್ನು: “ಗ್ಲೇಸಿಯರ್ ಎಕ್ಸ್‌ಪ್ರೆಸ್ಸಲ್ಲಿ ಸೀಟು ಸಿಗುತ್ತಾ ಸಾರ್? ಇಲ್ದಿದ್ರೆ ಬರ್ನಿನಾ ಎಕ್ಸ್‌ಪ್ರೆಸ್ ಆದ್ರೂ ಮಾಡಿಸ್ಕೊಡಿ.” ಎರಡೂ ಆಲ್ಪ್ಸ್ ಬೆಟ್ಟಗಳ ನಡುವೆ ಓಡುವ, ದೊಡ್ಡ ಗಾಜಿನ ಬೋಗಿಗಳ ಹೆಸರಾಂತ ಪ್ರವಾಸಿ ರೈಲುಗಳು. ಸೀಟು ಭರ್ತಿಯಾಗಿದೆ ಎಂದರೆ ಪ್ರವಾಸವನ್ನೇ ಮುಂದಿನ ವರ್ಷಕ್ಕೆ ತಳ್ಳಿದವರಿದ್ದಾರೆ. ಪ್ರವಾಸ ಯೋಜಿಸಿಕೊಡುವುದೇ ನನ್ನ ಕಸುಬಾದ್ದರಿಂದ ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಅವರು ನೋಡಬೇಕೆಂದಿದ್ದ ಸೇತುವೆ, ಸುರಂಗ, ಹಿಮನದಿ ಎಲ್ಲ ಆ ವಾರವೂ ಅಲ್ಲೇ ಇದ್ದವು. ಅದೇ ಹಳಿಯ ಮೇಲೆ ಸಾಮಾನ್ಯ ಕೆಂಪು ರೈಲು ಗಂಟೆಗೊಂದರಂತೆ ಓಡುತ್ತಲೇ ಇತ್ತು.

ಬರ್ನಿನಾ ಎಕ್ಸ್‌ಪ್ರೆಸ್ ಅನ್ನುವುದು ಆ ದಾರಿಯಲ್ಲಿ ಓಡುವ ಹಲವು ರೈಲುಗಳ ಪೈಕಿ ಒಂದರ ಹೆಸರು, ಅಷ್ಟೇ. ದಾರಿ ರೇಷಿಯನ್ ರೈಲ್ವೆ ಎಂಬ ಸ್ವಿಸ್ ಕಂಪನಿಯದು. ಆಲ್ಬುಲಾ ಮಾರ್ಗ ಸೇಂಟ್ ಮೊರಿಟ್ಸ್ ಮುಟ್ಟಿದ್ದು 1904ರಲ್ಲಿ, ಅಲ್ಲಿಂದ ಇಟಲಿಯ ಟಿರಾನೊಗೆ ಹೋಗುವ ಬರ್ನಿನಾ ಮಾರ್ಗ ಪೂರ್ತಿಯಾಗಿದ್ದು 1910ರಲ್ಲಿ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಎರಡು ಮಾರ್ಗಗಳನ್ನು ಮತ್ತು ಸುತ್ತಲಿನ ನೆಲವನ್ನು, ಗಾಜಿನ ಬೋಗಿಯನ್ನಲ್ಲ. ಫಿಲಿಸೂರ್ ಹತ್ತಿರದ ಲಾಂಡ್‌ವಾಸರ್ ಸೇತುವೆ 65 ಮೀಟರ್ ಎತ್ತರದಲ್ಲಿ ಬಳುಕಿ ಹೋಗಿ, ಕಡಿದಾದ ಬಂಡೆಯೊಳಗಿನ ಸುರಂಗಕ್ಕೆ ನೇರ ನುಗ್ಗುತ್ತದೆ. ನೀವು ಯಾವ ರೈಲಿನಲ್ಲಿ ಕೂತಿದ್ದರೂ ಹಾಗೇ ನುಗ್ಗುತ್ತದೆ. ಇನ್ನೂ ಅನುಮಾನ ಇರುವವರಿಗೆ ನಮ್ಮ ಸುಬ್ರಹ್ಮಣ್ಯ ಘಾಟಿಯ ಮಾತು ಹೇಳುತ್ತೇನೆ: ವಿಸ್ಟಾಡೋಮ್ ಬೋಗಿಯಲ್ಲಿ ಕೂತವರಿಗೂ ಅದೇ ರೈಲಿನ ಸಾಮಾನ್ಯ ಬೋಗಿಯಲ್ಲಿ ಕೂತವರಿಗೂ ಕಾಣುವ ಘಾಟಿ ಒಂದೇ ತಾನೆ?

ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಎಕ್ಸ್‌ಪ್ರೆಸ್‌ಗಳಲ್ಲಿ ಗಾಜು ಚಾವಣಿಯವರೆಗೂ ಬಾಗಿರುತ್ತದೆ, ಆದರೆ ತೆಗೆಯಲು ಬರುವುದಿಲ್ಲ. ಫೋಟೊ ತೆಗೆದರೆ ನಿಮ್ಮದೇ ಸ್ವೆಟರಿನ ಬಣ್ಣ ಹಿಮನದಿಯ ಮೇಲೆ ಬಿದ್ದಿರುತ್ತದೆ. ಸ್ವಿಸ್ ಟ್ರಾವೆಲ್ ಪಾಸ್ (ಇಷ್ಟು ದಿನಕ್ಕೆಂದು ಕೊಳ್ಳುವ, ರೈಲು ಬಸ್ಸುಗಳಿಗೆ ನಡೆಯುವ ಟಿಕೆಟ್) ಇದ್ದರೂ ಸೀಟು ಕಾಯ್ದಿರಿಸುವುದು ಕಡ್ಡಾಯ, ಅದಕ್ಕೆ ಬೇರೆ ಶುಲ್ಕ. ಸಾಮಾನ್ಯ ರೈಲಿಗೆ ಪಾಸ್ ಒಂದೇ ಸಾಕು, ಟಿರಾನೊವರೆಗೂ ನಡೆಯುತ್ತದೆ. ಕೆಲವು ಬೋಗಿಗಳಲ್ಲಿ ಕಿಟಕಿ ಕೆಳಗಿಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿ ಬೇಕಾದರೂ ಇಳಿದು ಮುಂದಿನ ರೈಲು ಹತ್ತಬಹುದು.

ಮಂಡಿನೋವಿನ ಹಿರಿಯರಿದ್ದರೆ, ದೊಡ್ಡ ಲಗೇಜ್ ಇದ್ದರೆ, ಜರ್ಮಾಟ್‌ನಿಂದ ಸೇಂಟ್ ಮೊರಿಟ್ಸ್‌ವರೆಗೆ ಸುಮಾರು ಎಂಟು ಗಂಟೆ ಗಾಡಿ ಬದಲಿಸದೆ, ಕೂತಲ್ಲಿಗೇ ಊಟ ತರಿಸಿಕೊಂಡು ಹೋಗುವ ಗ್ಲೇಸಿಯರ್ ಎಕ್ಸ್‌ಪ್ರೆಸ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅಂಥವರಿಗೆ ನಾನೇ ಸೀಟು ಮಾಡಿಸಿಕೊಡುತ್ತೇನೆ. ಆದರೆ ಹೆಸರು ಕೇಳಿ ಕಿಟಕಿಯ ಪಕ್ಕದಲ್ಲೇ ಹಿಮನದಿ ಇರುತ್ತದೆಂದು ಕಾಯಬೇಡಿ. ಆ ರೈಲಿಗೆ ಹೆಸರು ತಂದುಕೊಟ್ಟ ರೋನ್ ಹಿಮನದಿ ಈಗ ಅದರಿಂದ ಕಾಣುವುದೇ ಇಲ್ಲ. 1982ರಲ್ಲಿ ಫುರ್ಕಾ ಬೆಟ್ಟದ ಬುಡದಲ್ಲಿ ತಳ ಸುರಂಗ ತೆರೆದ ಮೇಲೆ ರೈಲು ಆ ಭಾಗವನ್ನು ಹದಿನೈದು ಕಿಲೋಮೀಟರ್ ಕತ್ತಲಲ್ಲಿ ದಾಟುತ್ತದೆ. ಹಳೆಯ ಫುರ್ಕಾ ಹಳಿಯಲ್ಲಿ ಬೇಸಿಗೆಯಲ್ಲಿ ಉಗಿಬಂಡಿ ಓಡಿಸುತ್ತಾರೆ, ಅದು ಬೇರೆಯೇ ಪ್ರವಾಸ.

ಇನ್ನು ಶರತ್ಕಾಲ. ಹೆಸರಿನ ಹಟ ದುಬಾರಿಯಾಗುವುದು ಈ ಋತುವಿನಲ್ಲೇ.

ಅಕ್ಟೋಬರಿನಲ್ಲಿ ಆಲ್ಪ್ಸ್‌ನ ಹವೆ ಕಣಿವೆಗೊಂದು ಬಗೆ. ಜೂರಾ ಬೆಟ್ಟಗಳಿಗೂ ಆಲ್ಪ್ಸ್‌ಗೂ ನಡುವಿನ ತಗ್ಗಿನಲ್ಲಿ, ಅಂದರೆ ಜೂರಿಕ್, ಬರ್ನ್, ಲುಸರ್ನ್ ಇರುವ ಕಡೆ, ತಣ್ಣನೆಯ ಭಾರದ ಗಾಳಿ ಇಳಿದು ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತೆ ಕೂತುಬಿಟ್ಟರೆ ಮಂಜು ಕೆಲವೊಮ್ಮೆ ದಿನಗಟ್ಟಲೆ ಕದಲುವುದಿಲ್ಲ. ಅದರ ಮೇಲಂಚು ಎಷ್ಟೋ ಸಲ 800–1000 ಮೀಟರ್ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಮೇಲೆ ಹೋದರೆ ನೀಲಿ ಆಕಾಶ, ಬಿಸಿಲು. ಜೂರಿಕ್‌ನ ಹೋಟೆಲಿನಲ್ಲಿ ಬೆಳಗ್ಗೆ ಪರದೆ ಸರಿಸಿ, ಬೂದು ಬಣ್ಣ ಕಂಡು, “ಇವತ್ತು ಬೆಟ್ಟ ಬೇಡ ಬಿಡಿ, ಶಾಪಿಂಗ್ ಮಾಡ್ತೀವಿ” ಎಂದು ನನಗೆ ಮೆಸೇಜ್ ಹಾಕುವವರನ್ನು ಕಂಡರೆ ಅಲ್ಲಿಗೇ ಹೋಗಿ ರೈಲು ಹತ್ತಿಸಿ ಬರೋಣ ಅನ್ನಿಸುತ್ತದೆ. ಸೇಂಟ್ ಮೊರಿಟ್ಸ್ ಇರುವ, 1,800 ಮೀಟರ್ ಎತ್ತರದ ಎಂಗಡೀನ್ ಕಣಿವೆ ಆ ಹೊತ್ತಿಗೆ ಬಿಸಿಲಲ್ಲಿ ಹೊಳೆಯುತ್ತಿರುವ ಸಾಧ್ಯತೆಯೇ ಹೆಚ್ಚು. ಉಲ್ಟಾ ಕೂಡ ಆಗುತ್ತದೆ. ದಕ್ಷಿಣದಿಂದ ‘ಫೋನ್’ (Föhn) ಎಂಬ, ಬೆಟ್ಟ ದಾಟಿ ಬರುವ ಬೆಚ್ಚನೆಯ ಒಣಗಾಳಿ ಎದ್ದ ದಿನ ಲುಸರ್ನ್ ಕಡೆ ಗಾಜು ಒರೆಸಿದಷ್ಟು ನಿಚ್ಚಳ, ಬರ್ನಿನಾ ಕಣಿವೆಯಲ್ಲಿ ಮಳೆ.

ಇಂಥ ಋತುವಿನಲ್ಲಿ ಮೂರು ತಿಂಗಳು ಮೊದಲೇ “14ನೇ ತಾರೀಕು, ಬೆಳಗ್ಗೆ ಇಷ್ಟು ಗಂಟೆ, ಈ ಬೋಗಿ, ಈ ಸೀಟು” ಎಂದು ಕಟ್ಟಿಕೊಂಡರೆ ಏನಾಗಬಹುದು? ದಾವಣಗೆರೆಯ ಒಂದು ಕುಟುಂಬಕ್ಕೆ ಆಗಿದ್ದು ಇದು. ಎಷ್ಟು ಹೇಳಿದರೂ ಕೇಳದೆ ಎಕ್ಸ್‌ಪ್ರೆಸ್ ಸೀಟು ಮಾಡಿಸಿಕೊಂಡರು, ಒಂದು ರಾತ್ರಿಯ ವಾಸ್ತವ್ಯವಷ್ಟೇ. ಆ ದಿನ 2,253 ಮೀಟರ್ ಎತ್ತರದ ಓಸ್ಪಿಜಿಯೊ ಬರ್ನಿನಾದಲ್ಲಿ ಮೋಡ ಗಾಜಿಗೆ ಒತ್ತಿಕೊಂಡು ನಿಂತಿತ್ತು. ಲಾಗೊ ಬಿಯಾಂಕೊ ಸರೋವರ ಹಳಿಯ ಪಕ್ಕದಲ್ಲೇ ಇದ್ದರೂ ಮಕ್ಕಳಿಗೆ ಕಾಣಲಿಲ್ಲ. ಮಾರನೆಯ ದಿನ ಆಕಾಶ ತೊಳೆದಿಟ್ಟಂತಿತ್ತು, ಅವರು ಲುಸರ್ನ್ ದಾರಿ ಹಿಡಿದಾಗಿತ್ತು. ಒಳ್ಳೆಯ ಜನ, ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ನನಗೆ ಬೇಜಾರಾಗಿದ್ದು ಆ ಮಕ್ಕಳ ವಿಷಯಕ್ಕೆ.

ಹಾಗಾಗಿ ನಾನು ಹೇಳುವ ಕ್ರಮ ಹೀಗೆ. ಹೋಟೆಲ್ ಮೊದಲೇ ಮಾಡಿಸಿ, ಒಂದೇ ಊರಿನಲ್ಲಿ ಕನಿಷ್ಠ ಮೂರು ರಾತ್ರಿ. ಬರ್ನಿನಾ ಮಾರ್ಗಕ್ಕೆ ಪಾಂಟ್ರೆಸೀನಾ ಅಥವಾ ಸೇಂಟ್ ಮೊರಿಟ್ಸ್, ಇಲ್ಲವೇ ಇಳಿಜಾರಿನ ಕೆಳಗಿನ ಪೊಸ್ಕಿಯಾವೊ. ರೈಲಿನ ದಿನ ತೆರೆದಿಡಿ. ಹಿಂದಿನ ರಾತ್ರಿ ಹವಾಮಾನ ನೋಡಿ, ಬೆಳಗ್ಗೆ ಎದ್ದು ಬೆಟ್ಟಗಳ ವೆಬ್‌ಕ್ಯಾಮ್ ನೋಡಿ, ಆಮೇಲೆ ತೀರ್ಮಾನಿಸಿ. ವೀಸಾ ಅರ್ಜಿಗೆ ರೈಲು ಟಿಕೆಟ್ ತೋರಿಸಬೇಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ದಿನವಾರು ಕಾರ್ಯಕ್ರಮದ ಹಾಳೆಯಲ್ಲಿ ‘ಪಾಂಟ್ರೆಸೀನಾ ವಾಸ್ತವ್ಯ, ಸುತ್ತಮುತ್ತಲ ಭೇಟಿ’ ಎಂದು ಬರೆದದ್ದು ನನ್ನ ಅನುಭವದಲ್ಲಿ ನಡೆದಿದೆ. ಆದರೂ ನಿಯಮ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ವಾರ ದಾಖಲೆಪಟ್ಟಿ ಇನ್ನೊಮ್ಮೆ ನೋಡಿಕೊಳ್ಳಿ.

ಶಿವಮೊಗ್ಗದ ನಿವೃತ್ತ ಮೇಷ್ಟ್ರು ದಂಪತಿಗೆ ಹೀಗೇ ಪಾಂಟ್ರೆಸೀನಾದಲ್ಲಿ ಮೂರು ರಾತ್ರಿ ಹಾಕಿಕೊಟ್ಟಿದ್ದೆ. ಮೊದಲ ದಿನ ಮೋಡ, ಊರಲ್ಲೇ ಸುತ್ತಾಡಿ ಎಂದೆ. ಎರಡನೆಯ ದಿನ ಹೊರಟರು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಹೆಂಡತಿಯ ವಾಟ್ಸ್ಆ್ಯಪ್ ಕರೆ. “ಏನಪ್ಪಾ, ನಾವು ನಡುವೆ ಇಳಿದುಬಿಟ್ವಿ. ಆಲ್ಪ್ ಗ್ರೂಮ್ ಅಂತ ಬೋರ್ಡಿದೆ. ಟಿಕೆಟ್ ಹಾಳಾಯ್ತೋ ಏನೋ ಅಂತ ಇವರು ಒಂದೇ ಸಮ ಗೊಣಗ್ತಿದಾರೆ.”

“ಏನೂ ಆಗಲ್ಲ ಅಮ್ಮಾ. ಮುಂದಿನ ರೈಲು ಹತ್ತಿ.”

“ಅದು ಹೋದ್ರೆ?”

“ಅದರ ಮುಂದಿಂದು.”

ಆಲ್ಪ್ ಗ್ರೂಮ್ 2,091 ಮೀಟರ್ ಎತ್ತರದ ನಿಲ್ದಾಣ. ರೈಲು ಬಿಟ್ಟರೆ ಕಾಲ್ನಡಿಗೆಯೇ ಗತಿ, ಕಾರು ಬರುವುದಿಲ್ಲ. ಎದುರಿಗೆ ಪಾಲೂ ಹಿಮನದಿ. ಪ್ಲಾಟ್‌ಫಾರಂ ದಾಟಿ ಅಂಚಿಗೆ ನಿಂತರೆ ಈಗಷ್ಟೇ ಬಿಟ್ಟ ರೈಲು ಸುತ್ತು ಹಾಕಿಕೊಂಡು ಕಾಲ ಕೆಳಗೇ ಮತ್ತೆ ಕಾಣಿಸಿಕೊಳ್ಳುತ್ತದೆ. ಇಲ್ಲಿಂದ 429 ಮೀಟರಿನ ಟಿರಾನೊವರೆಗೆ ಹಲ್ಲುಹಳಿಯ (ಹಲ್ಲುಚಕ್ರ ಕಚ್ಚಿಕೊಳ್ಳುವ ಹಳಿ) ನೆರವಿಲ್ಲದೆ, ಬರೀ ಚಕ್ರದ ಹಿಡಿತದಲ್ಲಿ, ಸಾವಿರ ಮೀಟರಿಗೆ ಎಪ್ಪತ್ತು ಮೀಟರಿನವರೆಗಿನ ಇಳಿಜಾರಿನಲ್ಲಿ ಇಳಿಯುತ್ತದೆ. ಆ ಅಮ್ಮ ಎರಡು ರೈಲು ಬಿಟ್ಟು ಮೂರನೆಯದನ್ನು ಹತ್ತಿದರಂತೆ. ಕಾಯ್ದಿರಿಸಿದ ಸೀಟಿನಲ್ಲಿ ಕೂತಿದ್ದರೆ ಆ ಅಂಚಿನಲ್ಲಿ ಅಷ್ಟು ಹೊತ್ತು ನಿಲ್ಲಲು ಯಾರು ಬಿಡುತ್ತಿದ್ದರು?

ಯಾವ ವಾರ ಹೋಗಬೇಕು? ಬಣ್ಣಕ್ಕಾಗಿ ಹೋಗುವುದಾದರೆ ನೋಡಬೇಕಾದ ಮರ ಲಾರ್ಚ್. ಸೂಜಿ ಎಲೆಯ ಜಾತಿಯಾದರೂ ಚಳಿಗಾಲಕ್ಕೆ ಎಲೆ ಉದುರಿಸುವ ಮರ ಅದು, ಉದುರುವ ಮೊದಲು ಕಾಡಿಗೆ ಕಾಡೇ ಹೊಂಬಣ್ಣಕ್ಕೆ ತಿರುಗುತ್ತದೆ. ಎಂಗಡೀನ್‌ನಲ್ಲಿ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಕೊನೆಯವರೆಗೆ. ಎತ್ತರದಲ್ಲಿ ಮೊದಲು, ಕೆಳಗೆ ಆಮೇಲೆ. ಜೋರು ಗಾಳಿ ಬೀಸಿದರೆ, ಹಿಮ ಬೇಗ ಬಿದ್ದರೆ ಲೆಕ್ಕ ತಪ್ಪುತ್ತದೆ, ಖಾತರಿ ಯಾರೂ ಕೊಡಲಾರರು. ನಮ್ಮ ದಸರಾ ಚಾಂದ್ರಮಾನದ್ದು, ಪ್ರತಿ ವರ್ಷ ಜಾಗ ಬದಲಿಸುತ್ತದೆ. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2. ಎರಡನೆಯದರಂಥ ವರ್ಷದಲ್ಲಿ ಹಬ್ಬದ ಮರುದಿನವೇ ಹೊರಟವರಿಗೆ ಕಾಡು ಇನ್ನೂ ಹಸಿರಾಗಿಯೇ ಸಿಗುವುದು ಹೆಚ್ಚು. ಶಾಲೆಯ ರಜೆ ಉದ್ದ ಇದ್ದರೆ ಕೊನೆಯ ವಾರವನ್ನು ಆರಿಸಿಕೊಳ್ಳಿ.

ದೀಪಾವಳಿಗೆ ಹೋಗುವವರಿಗೆ ಬೇರೆಯೇ ಮಾತು. ಗ್ಲೇಸಿಯರ್ ಎಕ್ಸ್‌ಪ್ರೆಸ್ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಓಡುವುದೇ ಇಲ್ಲ. ಅದೇ ಹಳಿಯಲ್ಲಿ ಸಾಮಾನ್ಯ ರೈಲುಗಳಿರುತ್ತವೆ. ವಿಸ್ಪ್, ಆಂಡರ್ಮಾಟ್, ಡಿಸೆಂಟಿಸ್ ಮುಂತಾದ ಕಡೆ ಗಾಡಿ ಬದಲಿಸಿದರಾಯಿತು. ಆದರೆ ಈ ದಿನಗಳಲ್ಲೇ ಹಳಿ ರಿಪೇರಿ ಇಟ್ಟುಕೊಂಡು ಕೆಲವು ಭಾಗಕ್ಕೆ ಬಸ್ ಬಿಡುವುದುಂಟು, ಹೊರಡುವ ಮುನ್ನ ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್ ನೋಡಿ. ನವೆಂಬರಿನಲ್ಲಿ ಹಲವು ರೋಪ್‌ವೇಗಳೂ ಹೋಟೆಲುಗಳೂ ಬಾಗಿಲು ಹಾಕಿರುತ್ತವೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಮೇಲೆ ಸಂಜೆ ಐದೂಕಾಲರ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಕಣಿವೆಯಲ್ಲಿ ಇನ್ನೂ ಮೊದಲೇ ನೆರಳು.

ಹೆಸರಿನ ಬದಲು ಹಳಿ ನೋಡಬೇಕಾದ ಇನ್ನೊಂದು ಜಾಗ ಗೊಟ್ಹಾರ್ಡ್ ಬೆಟ್ಟದ ದಾರಿ. ಜೂರಿಕ್‌ನಿಂದ ದಕ್ಷಿಣದ ಲುಗಾನೊಗೆ ಆ್ಯಪ್ ತೋರಿಸುವ ಮೊದಲ ರೈಲು ಹತ್ತಿದರೆ 2016ರಲ್ಲಿ ತೆರೆದ 57 ಕಿಲೋಮೀಟರಿನ ತಳ ಸುರಂಗದಲ್ಲಿ ಬೆಟ್ಟವನ್ನೇ ನೋಡದೆ ಆಚೆ ಬರುತ್ತೀರಿ. ‘ಟ್ರೆನೊ ಗೊಟ್ಟಾರ್ಡೊ’ ಹಿಡಿದರೆ 1882ರ ಹಳೆಯ ಮಾರ್ಗ. ವಾಸೆನ್ ಊರಿನ ಬಿಳಿ ಚರ್ಚು ಒಮ್ಮೆ ಮೇಲೆ, ಒಮ್ಮೆ ಸಮಕ್ಕೆ, ಒಮ್ಮೆ ಕೆಳಗೆ, ಮೂರು ಸಲ ಕಾಣುತ್ತದೆ. ಇದಕ್ಕೂ ಸೀಟು ಕಾಯ್ದಿರಿಸುವ ಅಗತ್ಯವಿಲ್ಲ.

ಬರ್ನಿನಾ ಮಾರ್ಗದಲ್ಲಿ ಕೆಳಗಿಳಿಯುವಾಗ ಮೊದಲು ಬಲಗಡೆ ಕೂರಿ, ಮೋರ್ಟರಾಚ್ ಹಿಮನದಿ ಮತ್ತು ಲಾಗೊ ಬಿಯಾಂಕೊ ಆ ಬದಿಗೆ. ಪೊಸ್ಕಿಯಾವೊ ದಾಟಿದ ಮೇಲೆ ಸರೋವರ ಎಡಕ್ಕೆ ಬರುತ್ತದೆ, ಸೀಟು ಖಾಲಿಯಿದ್ದರೆ ಎದ್ದು ಬದಲಿಸಿ. ಸಸ್ಯಾಹಾರಿಗಳು ಟಿರಾನೊದಲ್ಲಿ ಪಿಟ್ಸೋಕೆರಿ ಕೇಳಿ. ಬಕ್‌ವೀಟ್ ಹಿಟ್ಟಿನ ಅಗಲದ ಶ್ಯಾವಿಗೆಗೆ ಆಲೂಗಡ್ಡೆ, ಎಲೆಕೋಸು, ಬೆಣ್ಣೆ, ಚೀಸ್ ಹಾಕಿ ಮಾಡುತ್ತಾರೆ. ಮಾಂಸ ಬೆರೆಸಿಲ್ಲ ತಾನೆ ಎಂದು ಒಂದು ಮಾತು ವಿಚಾರಿಸಿಕೊಳ್ಳಿ. ಟಿರಾನೊ ಇರುವುದು ಇಟಲಿಯಲ್ಲಿ. ಶೆಂಗೆನ್ ವೀಸಾ ಎರಡೂ ಕಡೆ ನಡೆಯುತ್ತದೆ, ಆದರೆ ಪಾಸ್‌ಪೋರ್ಟನ್ನು ಹೋಟೆಲಿನ ಲಾಕರಿನಲ್ಲಿ ಬಿಟ್ಟು ಹೋಗಬೇಡಿ, ಜೊತೆಗಿಟ್ಟುಕೊಳ್ಳಿ.