ಮೂಗು ಸೋರುತ್ತಿದ್ದರೂ ಪೆಂಟಾ ಹಾಕಿಸಿ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಉಡುಪಿಯ ನನ್ನ ಕ್ಲಿನಿಕ್ಕಿನಲ್ಲಿ ಒಂದು ಮಾತು ಶುರುವಾಗುತ್ತದೆ, ನವರಾತ್ರಿ ಕಳೆಯುವವರೆಗೂ ನಿಲ್ಲುವುದಿಲ್ಲ. “ಡಾಕ್ಟ್ರೆ, ಮಗುವಿಗೆ ಸ್ವಲ್ಪ ಶೀತ ಉಂಟು. ಇಂಜೆಕ್ಷನ್ ಮುಂದಿನ ವಾರ ಕೊಡುವ, ಅಲ್ವಾ?” ಹೀಗೆ ಹೇಳುವವರು ಹೆಚ್ಚಾಗಿ ಅಜ್ಜಿ. ಬಾಣಂತನ ತವರಿನಲ್ಲಿ ನಡೆಯುತ್ತಿರುವುದರಿಂದ ಮಗುವಿನ ವಿಷಯದಲ್ಲಿ ಅವರ ಮಾತೇ ಕೊನೆ. ತಾಯಿ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾಳೆ. ಮಗುವಿಗೆ ಜ್ವರ ಇರುವುದಿಲ್ಲ, ಹಾಲು ಚೆನ್ನಾಗಿ ಕುಡಿಯುತ್ತಿರುತ್ತದೆ, ಮೂಗು ಮಾತ್ರ ಗೊರ ಗೊರ ಅನ್ನುತ್ತಿರುತ್ತದೆ.

ಆ ಮುಂದಿನ ವಾರ ಅಷ್ಟು ಸುಲಭಕ್ಕೆ ಬರುವುದಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಇನ್ಯಾರಿಗೋ ಜ್ವರ. ಆಮೇಲೆ ತೊಟ್ಟಿಲು ಹಾಕುವ ಕಾರ್ಯ; ಕಾರ್ಯದ ದಿನ ಮಗು ಅಳಬಾರದೆಂದು ಮತ್ತೆರಡು ವಾರ. ಬಳಿಕ ತಾಯಿ ಗಂಡನ ಮನೆಗೆ ಹೊರಡುತ್ತಾಳೆ, ತಾಯಿ ಕಾರ್ಡ್ ತವರಿನ ಕಪಾಟಿನಲ್ಲೇ ಉಳಿಯುತ್ತದೆ. ಆರನೇ ವಾರಕ್ಕೆ ಬೀಳಬೇಕಾದ ಪೆಂಟಾ ಲಸಿಕೆಯ ಸೂಜಿ ನಾಲ್ಕನೇ ತಿಂಗಳಲ್ಲಿ ಬಿದ್ದದ್ದನ್ನು ಎಷ್ಟೋ ಕಾರ್ಡುಗಳಲ್ಲಿ ನೋಡುತ್ತೇನೆ. ಆ ಮಕ್ಕಳ ತಂದೆತಾಯಿ ಲಸಿಕೆಗೆ ವಿರುದ್ಧ ಇದ್ದವರಲ್ಲ. ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕುವವರು. ಅದಕ್ಕೇ ನನಗೆ ಸಂಕಟವಾಗುವುದು.

ಪೆಂಟಾವೇಲೆಂಟ್ ಎಂದರೆ ಏನೆಂದು ಉದ್ದ ಹೇಳಬೇಕಾಗಿಲ್ಲ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕು, ಈ ಐದಕ್ಕೆ ಒಂದೇ ಸೂಜಿ. 2011ರ ಡಿಸೆಂಬರ್‌ನಲ್ಲಿ ಕೇರಳ ಮತ್ತು ತಮಿಳುನಾಡಿನಲ್ಲಿ ಸರಕಾರಿ ಕಾರ್ಯಕ್ರಮಕ್ಕೆ ಸೇರಿತು, ಮುಂದೆ ಕರ್ನಾಟಕಕ್ಕೂ ಬಂತು. ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ತೊಡೆಗೆ ಕೊಡುತ್ತೇವೆ. ಖಾಸಗಿಯಲ್ಲಿ ಪೋಲಿಯೋ ಇಂಜೆಕ್ಷನ್ನೂ ಸೇರಿದ ಆರರ ಸಂಯುಕ್ತ ಲಸಿಕೆ ಸಿಗುತ್ತದೆ. ನಾನು ಹೇಳುವುದು ಎರಡಕ್ಕೂ ಅನ್ವಯಿಸುತ್ತದೆ.

ತಾಯಂದಿರು ಕೇಳಬೇಕಾದ ಆದರೆ ಕೇಳದ ಪ್ರಶ್ನೆಯೊಂದಿದೆ. ದಡಾರದ ಲಸಿಕೆಗೆ ಒಂಬತ್ತು ತಿಂಗಳು ಕಾಯುತ್ತೇವೆ. ಇದಕ್ಕೇಕೆ ಆರೇ ವಾರಕ್ಕೆ ಅವಸರ? ದಡಾರದ ವಿರುದ್ಧ ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಮಗುವನ್ನು ಹಲವು ತಿಂಗಳು ಕಾಯುತ್ತವೆ, ಅವು ಇರುವವರೆಗೆ ಲಸಿಕೆ ಸರಿಯಾಗಿ ಹಿಡಿಯುವುದೂ ಇಲ್ಲ. ನಾಯಿಕೆಮ್ಮಿನ ಕತೆ ಬೇರೆ. ತಾಯಿ ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಯ ಶಕ್ತಿ ಅಷ್ಟು ಹೊತ್ತಿಗೆ ಇಳಿದಿರುತ್ತದೆ. ಗರ್ಭಿಣಿಯಾಗಿದ್ದಾಗ ಆಕೆ ಟಿಡ್ಯಾಪ್ (ನಾಯಿಕೆಮ್ಮಿನ ರಕ್ಷಣೆಯೂ ಸೇರಿದ, ದೊಡ್ಡವರಿಗೆ ಕೊಡುವ ಲಸಿಕೆ) ಹಾಕಿಸಿಕೊಂಡಿಲ್ಲದಿದ್ದರೆ ಮಗುವಿಗೆ ದಾಟಿಸಲು ಅವಳ ಬಳಿ ಹೆಚ್ಚೇನೂ ಇರುವುದಿಲ್ಲ. ಹುಟ್ಟಿದ ದಿನದಿಂದ ಮೊದಲ ಡೋಸ್‌ವರೆಗೆ ಮಗು ಆ ಕಾಯಿಲೆಗೆ ತೆರೆದುಕೊಂಡೇ ಇರುತ್ತದೆ. ನಾಯಿಕೆಮ್ಮು ಜೀವಕ್ಕೆ ಎರವಾಗುವುದು ಹೆಚ್ಚಾಗಿ ಇದೇ ವಯಸ್ಸಿನಲ್ಲಿ. ನೀವು ಶೀತಕ್ಕೆಂದು ಬಿಡುವ ಎರಡು ವಾರ ಅತ್ಯಂತ ಅಪಾಯದ ತಿಂಗಳುಗಳಿಂದಲೇ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಕಾರ್ಕಳದ ಕಡೆಯಿಂದ ಎರಡೂವರೆ ತಿಂಗಳ ಮಗುವೊಂದನ್ನು ತಂದರು. “ಹಾಲು ಕುಡಿಯುತ್ತಾ ಕುಡಿಯುತ್ತಾ ಮುಖ ನೀಲಿ ಆಗ್ತದೆ” ಎಂದಳು ತಾಯಿ. ಕೆಮ್ಮು ಇದೆಯಾ ಎಂದರೆ ಅಷ್ಟೇನಿಲ್ಲ ಎಂದಳು. ಅದೇ ಮೋಸ ಹೋಗುವ ಜಾಗ. ದೊಡ್ಡ ಮಕ್ಕಳಲ್ಲಿ ಕೆಮ್ಮಿ ಕೆಮ್ಮಿ ಕೊನೆಗೆ ಉಸಿರೆಳೆಯುವಾಗ ಕೂಗಿದಂಥ ಸದ್ದು ಬರುತ್ತದಲ್ಲ, ಎಳೆ ಶಿಶುವಿನಲ್ಲಿ ಅದು ಬಾರದೆಯೂ ಇರಬಹುದು. ಮಗು ಉಸಿರಾಡುವುದನ್ನೇ ಕೆಲ ಕ್ಷಣ ನಿಲ್ಲಿಸಿಬಿಡುತ್ತದೆ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಉಂಟಾ ಎಂದು ಕೇಳಿದೆ. ಮುಂಬೈಯಿಂದ ಬಂದಿದ್ದ ಸೋದರಮಾವನಿಗೆ ವಾರಗಟ್ಟಲೆಯಿಂದ ಒಣಕೆಮ್ಮು. ದೊಡ್ಡವರಲ್ಲಿ ಇದು ಹೀಗೇ ಕಾಣುತ್ತದೆ, ಬಿಡದ ಕೆಮ್ಮು ಅಷ್ಟೇ. ಮಗುವನ್ನು ಎತ್ತಿಕೊಳ್ಳಬಾರದೆಂದು ಯಾರಿಗೂ ಹೊಳೆಯುವುದಿಲ್ಲ. ಕಾರ್ಡಿನಲ್ಲಿ ಹುಟ್ಟಿದಾಗಿನ ಲಸಿಕೆಗಳು ಬಿಟ್ಟರೆ ಮುಂದೆ ಖಾಲಿ. “ಶೀತ ಇತ್ತು” ಎಂದರು.

ಮಗು ಐಸಿಯುನಲ್ಲಿ ಇದ್ದು ಉಳಿಯಿತು. ಒಂದು ಡೋಸ್ ಬಿದ್ದಿದ್ದರೆ ಹೀಗಾಗುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ಒಂದು ಡೋಸ್ ಪೂರ್ತಿ ರಕ್ಷಣೆ ಕೊಡುವುದಿಲ್ಲ. ಆದರೆ ಮೊದಲ ಡೋಸ್ ಬಿದ್ದ ಮಕ್ಕಳಲ್ಲೂ ಕಾಯಿಲೆಯ ತೀವ್ರತೆ ತಗ್ಗುತ್ತದೆ. ನನಗೆ ಮರೆಯಲಾಗದ್ದು ಆ ಅಜ್ಜಿ ಡಿಸ್ಚಾರ್ಜ್ ದಿನ ಕೇಳಿದ ಮಾತು: “ಶೀತ ಇರುವಾಗ ಸೂಜಿ ಕೊಟ್ಟಿದ್ದರೆ ಶೀತ ಎದೆಗೆ ಇಳಿಯುತ್ತಿರಲಿಲ್ವಾ?”

ಇಲ್ಲ ಅಮ್ಮ, ಇಳಿಯುವುದಿಲ್ಲ. ಎಷ್ಟು ಸಲವಾದರೂ ಹೇಳುತ್ತೇನೆ. ಈ ಲಸಿಕೆಯಲ್ಲಿ ಜೀವಂತ ರೋಗಾಣು ಒಂದೂ ಇಲ್ಲ. ನಾಯಿಕೆಮ್ಮಿನದು ಸತ್ತ ಬ್ಯಾಕ್ಟೀರಿಯಾ. ಗಂಟಲಮಾರಿ ಮತ್ತು ಧನುರ್ವಾಯುವಿನದು ವಿಷಗುಣ ತೆಗೆದ ವಿಷ. ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈಯ ಒಂದು ಪ್ರೋಟೀನ್, ಹಿಬ್ ಬ್ಯಾಕ್ಟೀರಿಯಾದ ಹೊದಿಕೆಯ ಸಕ್ಕರೆ. ಇವು ಮಗುವಿನ ಮೈಯಲ್ಲಿ ಬೆಳೆಯಲಾರವು, ಮೂಗಿನ ಶೀತಕ್ಕೆ ಏನನ್ನೂ ಸೇರಿಸಲಾರವು. ಶೀತದ ವೈರಸ್ಸಿನೊಡನೆ ಹೋರಾಡುತ್ತಿರುವಾಗ ಲಸಿಕೆಯನ್ನು ಗುರುತಿಸಲು ಮಗುವಿಗೆ ಶಕ್ತಿ ಸಾಲದು ಎಂಬುದೂ ತಪ್ಪು. ಹುಟ್ಟಿದ ಘಳಿಗೆಯಿಂದ ಆ ಮೈ ದಿನಕ್ಕೆ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳನ್ನು ಎದುರಿಸುತ್ತಲೇ ಇದೆ.

ಹಾಗಾದರೆ ವೈದ್ಯರೇ ಕೆಲವೊಮ್ಮೆ ಮುಂದೂಡುತ್ತಾರಲ್ಲ? ಹೌದು. ಮಗುವಿಗೆ ಜೋರು ಜ್ವರವಿದ್ದರೆ, ಹಾಲು ಬಿಟ್ಟಿದ್ದರೆ, ಉಸಿರು ವೇಗವಾಗಿದ್ದರೆ ನಾನೂ ಮುಂದೂಡುತ್ತೇನೆ. ಆಗ ಮೊದಲು ಆ ಕಾಯಿಲೆಯನ್ನು ನೋಡಬೇಕು. ಲಸಿಕೆಯಿಂದ ಬರುವ ಜ್ವರ ಅದರೊಡನೆ ಸೇರಿದರೆ ಯಾವುದು ಯಾವುದರದ್ದೆಂದು ಗೊತ್ತಾಗುವುದಿಲ್ಲ ಎಂಬುದೂ ಒಂದು ಕಾರಣ. ಉಸಿರನ್ನು ಮನೆಯಲ್ಲೇ ಎಣಿಸಬಹುದು: ಮಗು ನಿದ್ದೆಯಲ್ಲಿರುವಾಗ ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ನೋಡಿ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ವರ್ಷದವರೆಗೆ 50 ಅಥವಾ ಹೆಚ್ಚು ಇದ್ದರೆ ಲಸಿಕೆಯ ಮಾತು ಆಮೇಲೆ, ಕೂಡಲೇ ತೋರಿಸಿ. ಇದ್ಯಾವುದೂ ಇಲ್ಲದೆ ಬರೀ ಮೂಗು ಕಟ್ಟಿದ್ದರೆ, ಒಂದೆರಡು ಸಲ ತೆಳ್ಳಗೆ ಭೇದಿಯಾಗಿದ್ದರೆ, ಆಂಟಿಬಯೋಟಿಕ್ ಮುಗಿಯುತ್ತಾ ಬಂದಿದ್ದರೆ ಸೂಜಿ ಬೀಳಬಹುದು. ಆ ತೀರ್ಮಾನವನ್ನು ಮನೆಯಲ್ಲಿ ಮಾಡಬೇಡಿ. ಮಗುವನ್ನು ಕರೆತನ್ನಿ, ನೋಡಿ ಹೇಳುವುದು ನಮ್ಮ ಕೆಲಸ.

ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳ ವಿಷಯದಲ್ಲಂತೂ ದಯವಿಟ್ಟು ಕೇಳಿ. “ಸ್ವಲ್ಪ ಮೈ ತುಂಬಲಿ” ಎಂದು ಕಾಯುತ್ತೀರಿ. ಅವಕ್ಕೂ ಆರು ವಾರದ ಲೆಕ್ಕ ಹುಟ್ಟಿದ ದಿನದಿಂದಲೇ. ನಾಯಿಕೆಮ್ಮು ಬಂದರೆ ತಡೆಯಲು ಅವಕ್ಕೆ ಇನ್ನೂ ಕಷ್ಟ.

ತಡವಾದವರು ಮಾಡುವ ಎರಡನೇ ತಪ್ಪು ಆ ತಡದಿಂದಲೇ ಹುಟ್ಟುತ್ತದೆ. ಬೈಯ್ಯುತ್ತಾರೆಂಬ ಹೆದರಿಕೆ ಒಂದು, ಮೊದಲಿಂದ ಶುರು ಮಾಡಬೇಕಾಗುತ್ತದೆಂಬ ಎಣಿಕೆ ಇನ್ನೊಂದು. ಎರಡೂ ಸೇರಿ ಬರುವುದನ್ನೇ ಬಿಟ್ಟುಬಿಡುತ್ತಾರೆ. ಮೊದಲಿಂದ ಶುರು ಮಾಡಬೇಕಾಗಿಲ್ಲ. ಮೊದಲ ಡೋಸ್ ಪಡೆದ ಮೈ ಆ ಐದನ್ನೂ ನೆನಪಿಟ್ಟುಕೊಂಡಿರುತ್ತದೆ, ಅಂತರ ಉದ್ದವಾಯಿತೆಂದು ಆ ನೆನಪು ಅಳಿಯುವುದಿಲ್ಲ. ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಸುತ್ತೇವೆ. ಎರಡು ಡೋಸ್‌ಗಳ ನಡುವೆ ನಾಲ್ಕು ವಾರಕ್ಕಿಂತ ಕಡಿಮೆ ಇರಬಾರದು, ಅದೊಂದೇ ಕಟ್ಟುನಿಟ್ಟು. ವರ್ಷದೊಳಗೆ ಒಂದು ಡೋಸ್ ಬಿದ್ದಿದ್ದರೂ ಉಳಿದವನ್ನು ವರ್ಷ ದಾಟಿದ ಮೇಲೆ ಪೂರೈಸಬಹುದು. ಒಂದೂ ಬೀಳದೆ ವರ್ಷ ದಾಟಿದರೆ ಸರಕಾರಿ ಕೇಂದ್ರದಲ್ಲಿ ಪೆಂಟಾ ಬದಲು ಡಿಪಿಟಿ ಕೊಡುತ್ತಾರೆ, ಅದರಲ್ಲಿ ಇರುವುದು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಈ ಮೂರರದ್ದು ಮಾತ್ರ. ಆಗ ಹಿಬ್ ಮತ್ತು ಹೆಪಟೈಟಿಸ್ ಬಿ ಬಗ್ಗೆ ನಿಮ್ಮ ಮಕ್ಕಳ ವೈದ್ಯರಲ್ಲಿ ಬೇರೆಯೇ ವಿಚಾರಿಸಬೇಕು. ಹಿಬ್‌ನಿಂದ ಬರುವ ಮೆದುಳುಪೊರೆಯ ಉರಿಯೂತದಲ್ಲಿ ಜೀವ ಉಳಿದರೂ ಕಿವಿ ಹೋದ ಮಕ್ಕಳಿದ್ದಾರೆ.

ತಡವಾಗಿ ಬಂದವರ ಮೇಲೆ ಎಲ್ಲರೆದುರು ರೇಗಬೇಡಿ ಎಂದು ನನ್ನ ವೃತ್ತಿಯವರಲ್ಲೂ ಕೇಳಿಕೊಳ್ಳುತ್ತೇನೆ. ಬೈಸಿಕೊಂಡ ತಾಯಿ ಮುಂದಿನ ಡೋಸ್‌ಗೆ ಬರುವುದಿಲ್ಲ. ನಮ್ಮೂರಿನ ಆಶಾ ಕಾರ್ಯಕರ್ತೆಯರು ಇದನ್ನು ಚೆನ್ನಾಗಿ ಬಲ್ಲರು. ಅವರು ಅಜ್ಜಿಯ ಜೊತೆ ಜಗಲಿಯಲ್ಲಿ ಕೂತು, ಮನೆಯವರ ಸುದ್ದಿಯೆಲ್ಲ ಕೇಳಿ, ಕೊನೆಗೆ ಕಾರ್ಡ್ ತರಿಸುತ್ತಾರೆ. ಮಳೆಯಲ್ಲಿ ಗದ್ದೆಬದಿಯ ದಾರಿ ನಡೆದು ಬರುವ ಅವರ ಮಾತಿಗೆ ದಯವಿಟ್ಟು ಬೆಲೆ ಕೊಡಿ.

ಸೂಜಿ ಬಿದ್ದ ರಾತ್ರಿ ಜ್ವರ ಬರಬಹುದು. ತೊಡೆ ಸ್ವಲ್ಪ ಬಾತು ಮಗು ಕಿರಿಕಿರಿ ಮಾಡಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಸಣ್ಣ ಗಂಟೊಂದು ಕೆಲವು ವಾರ ಉಳಿದರೆ ಗಾಬರಿ ಬೇಡ, ಆದರೆ ಎಣ್ಣೆ ತಿಕ್ಕುವಾಗ ಆ ಜಾಗ ಬಿಟ್ಟು ತಿಕ್ಕಿ. ಅರಸಿನ, ಸುಣ್ಣ ಯಾವುದನ್ನೂ ಹಚ್ಚಬೇಡಿ. ‘ನೋವಿಲ್ಲದ್ದು’ (ನಾಯಿಕೆಮ್ಮಿನ ಇಡೀ ಬ್ಯಾಕ್ಟೀರಿಯಾದ ಬದಲು ಅದರ ಕೆಲವು ಭಾಗಗಳಷ್ಟೇ ಇರುವ, ಖಾಸಗಿಯಲ್ಲಿ ಸಿಗುವ ಲಸಿಕೆ) ಕೊಡಿ ಎಂದು ಕೇಳುವವರಿಗೆ: ಅದರಲ್ಲಿ ಜ್ವರ ಕಡಿಮೆ ನಿಜ, ಆದರೆ ನಾಯಿಕೆಮ್ಮಿನ ವಿರುದ್ಧ ಅದರ ರಕ್ಷಣೆ ಬೇಗ ಇಳಿಯುತ್ತದೆ. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವುದು ಕೀಳೆಂದು ಎಣಿಸಬೇಡಿ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಸಾಮಾನ್ಯವಾಗಿ ಸಿಗುವ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ, ಸಿರಪ್‌ನಲ್ಲಿ 5 ಮಿ.ಲೀ.ಗೆ 120ರಿಂದ 125. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಔಷಧಿ ಹೋಯಿತು. ಅಕ್ಕನ ಮಗುವಿಗೆ ಇಷ್ಟು ಕೊಟ್ಟಿದ್ದರು ಎಂದು ಕೊಡಬೇಡಿ. ಅಳತೆ ಮಗುವಿನ ತೂಕದ ಮೇಲೆ ಹೋಗುತ್ತದೆ, ಸೂಜಿ ಹಾಕಿಸಿದ ಕಡೆಯೇ ಬರೆಸಿಕೊಂಡು ಬನ್ನಿ. ಎರಡು ದಿನವಾದರೂ ಜ್ವರ ಇಳಿಯದಿದ್ದರೆ ಲಸಿಕೆಯದ್ದೆಂದು ಸುಮ್ಮನಿರದೆ ತೋರಿಸಿ.

ಹಿಂದಿನ ಡೋಸ್ ಆದ ಮೇಲೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ್ದರೆ, ಫಿಟ್ಸ್ ಬಂದಿದ್ದರೆ, ಮಗು ಮೂರು ಗಂಟೆಗೂ ಮೀರಿ ಸಮಾಧಾನವಿಲ್ಲದೆ ಅತ್ತಿದ್ದರೆ, ಬಿಳಿಚಿ ಕೈಕಾಲು ಜೋತುಬಿದ್ದಿದ್ದರೆ ಮುಂದಿನ ಡೋಸ್‌ಗೆ ಮೊದಲು ಅದನ್ನು ಮುಚ್ಚಿಡದೆ ಹೇಳಬೇಕು. ಇಂಥವು ಅಪರೂಪ. ಮುಂದೇನು ಕೊಡಬೇಕು, ಕೊಡಬಾರದು ಎಂಬುದನ್ನು ಪ್ರತಿ ಮಗುವಿಗೂ ಬೇರೆಯಾಗಿಯೇ ಯೋಚಿಸಬೇಕಾಗುತ್ತದೆ.

ಮುಂಬೈಗೋ ದುಬೈಗೋ ಹೊರಡುವವರು ಟಿಕೆಟ್ ಮಾಡಿಸುವ ಮೊದಲೇ ಬಂದು ತಾರೀಕು ಹೇಳಿ. ಆರನೇ ವಾರದ್ದು ಇಲ್ಲಿ ಮುಗಿಸಿ, ನಾಲ್ಕು ವಾರದ ಅಂತರ ನೋಡಿಕೊಂಡು ಉಳಿದದ್ದನ್ನು ಅಲ್ಲಿ ಹಾಕಿಸುವಂತೆ ಹೊಂದಿಸಬಹುದು. ತಾಯಿ ಕಾರ್ಡಿನ ಲಸಿಕೆಯ ಪುಟದ ಫೋಟೋ ತಂದೆ ಮತ್ತು ತಾಯಿ ಇಬ್ಬರ ಮೊಬೈಲಿನಲ್ಲೂ ಇರಲಿ. ಯಾವ ದಿನ ಯಾವ ಲಸಿಕೆ ಬಿತ್ತೆಂದು ಅಲ್ಲಿನ ವೈದ್ಯರಿಗೆ ಗೊತ್ತಾಗದಿದ್ದರೆ, ಬಿದ್ದ ಡೋಸನ್ನೂ ಅವರು ಲೆಕ್ಕಕ್ಕೆ ಹಿಡಿಯಲಾರರು.